ಯುಕಾಗಿರ್ ಹುಡುಗಿಯ ‘ಪ್ರೇಮಪತ್ರ’ ಯಾರಿಗೂ ಕಳಿಸಿದ್ದಲ್ಲ

ಮಾನವಶಾಸ್ತ್ರ ಪಾಠ ಮಾಡುವ ನನ್ನ ಹತ್ತಿರ ವಿದ್ಯಾರ್ಥಿಗಳು ಆಗಾಗ ಒಂದು ಚಿತ್ರ ತರುತ್ತಾರೆ. ಚೂಪು ತುದಿಯ ಉದ್ದನೆಯ ಆಕೃತಿಗಳು, ನಡುವೆ ಅಡ್ಡಾದಿಡ್ಡಿ ಗೆರೆಗಳು. ಕೆಳಗೆ ‘ಸೈಬೀರಿಯಾದ ಯುಕಾಗಿರ್ ಹುಡುಗಿಯ ಪ್ರೇಮಪತ್ರ’ ಎಂಬ ಸಾಲು. ಇದು ನಿಜವಾಗಿ ಬರಹವೇ ಸರ್, ಅಂತ ಕೇಳುತ್ತಾರೆ.

ಚಿತ್ರವೇನೋ ಅಸಲಿಯೇ. 1890ರ ದಶಕದಲ್ಲಿ ತ್ಸಾರ್ ಸರ್ಕಾರ ಗಡಿಪಾರು ಮಾಡಿದ್ದ ಶಾರ್ಗೊರೊದ್‌ಸ್ಕಿ ಎಂಬಾತ ಈಶಾನ್ಯ ಸೈಬೀರಿಯಾದ ಕೊಲಿಮಾ ನದಿಯ ಮೇಲ್ಭಾಗದಲ್ಲಿ ಯುಕಾಗಿರ್ ಜನರ ನಡುವೆ ಇದ್ದ. ಇಂಥ ಚಿತ್ರಗಳನ್ನು ಕಂಡು ಹೊರಜಗತ್ತಿಗೆ ತಿಳಿಸಿದವನು ಅವನೇ. ಅವನು ಹೇಳಿದ್ದು ಇಷ್ಟು: ಯುವಜನ ಸೇರಿದಾಗ ಹುಡುಗಿಯೊಬ್ಬಳು ಬರ್ಚ್ ಮರದ ತೊಗಟೆಯ ಮೇಲೆ ಚಾಕುವಿನ ಮೊನೆಯಿಂದ ಗೀರುತ್ತಾಳೆ. ಸುತ್ತ ಕೂತವರು ಇದು ಯಾರು, ಅದು ಯಾರು ಅಂತ ಊಹಿಸುತ್ತಾರೆ. ನಗು, ಕೀಟಲೆ ಎಲ್ಲ ನಡೆಯುತ್ತದೆ. ಅಂದರೆ ದೂರದಲ್ಲಿರುವ ಯಾರಿಗೋ ಕಳಿಸಿದ್ದಲ್ಲ. ಒಬ್ಬರ ವಿಷಯ ಒಬ್ಬರಿಗೆ ಗೊತ್ತಿರುವವರ ನಡುವಿನ ಆಟ ಎಂದೇ ನಾನು ಓದುತ್ತೇನೆ. ‘ಪತ್ರ’ದ ಪಟ್ಟ ದೂರದಲ್ಲಿ ಕೂತು ನೋಡಿದವರು ಕಟ್ಟಿದ್ದು.

ಗುರುತುಗಳು ಮಾತ್ರ ಸುಮ್ನೆ ಗೀಚಿದ್ದಲ್ಲ. ಒಂದೊಂದು ಆಕೃತಿಯೂ ಒಬ್ಬ ಮನುಷ್ಯ. ಪಕ್ಕದಲ್ಲಿ ಚುಕ್ಕೆಗಳ ಸಾಲಿದ್ದರೆ ಅದು ಜಡೆ, ಅಂದರೆ ಹೆಣ್ಣು. ಲಂಗ ಅಗಲವಾಗಿದ್ದರೆ ರಷ್ಯನ್ ಹೆಂಗಸು. ಸುತ್ತಲಿನ ಚೌಕಟ್ಟು ಮನೆ. ತಲೆಯಿಂದ ಹೊರಟು ಇನ್ನೊಬ್ಬರ ಕಡೆ ಬಾಗುವ ಗೆರೆ ಅಂದರೆ ಅವರದೇ ಯೋಚನೆ. ಆದರೆ ಇಷ್ಟು ಕಲಿತರೂ ಆ ಹುಡುಗ ಯಾರು ಅಂತ ನಮಗೆ ತಿಳಿಯುವುದಿಲ್ಲ. ಅದು ತಿಳಿಯಲು ಆ ಊರಿನವರೇ ಆಗಿರಬೇಕು.

ಬಾಯಿಬಿಟ್ಟು ಹೇಳಬಹುದಿತ್ತಲ್ಲ? ನನಗೆ ಕುತೂಹಲ ಇರುವುದು ಇಲ್ಲೇ. ಯುಕಾಗಿರ್ ಹುಡುಗಿಯರಿಗೆ ಮದುವೆಗೆ ಮುಂಚೆ ಸ್ವಾತಂತ್ರ್ಯ ಕಡಿಮೆಯೇನೂ ಇರಲಿಲ್ಲ. ಬೆಳೆದ ಹುಡುಗಿಗೆ ಮಲಗಲು ಬೇರೆ ಗುಡಾರವೇ ಇರುತ್ತಿತ್ತು, ಹುಡುಗರು ರಾತ್ರಿ ಅಲ್ಲಿಗೆ ಬರುತ್ತಿದ್ದರು. ಬಿಗಿ ಇದ್ದದ್ದು ಮಾತಿನ ಮೇಲೆ. ಮಾವ ಸೊಸೆಯ ಜೊತೆ ನೇರ ಮಾತಾಡುವಂತಿಲ್ಲ. ಅಣ್ಣ ತಮ್ಮನ ಹೆಂಡತಿಯ ಜೊತೆ ಮಾತಾಡುವಂತಿಲ್ಲ. ಬೆಳೆದ ಅಣ್ಣ-ತಂಗಿಯರ ನಡುವೆಯೂ ಸಂಕೋಚದ ಅಂತರ. ತರಗತಿಯಲ್ಲಿ ಇದನ್ನು ಜಾಸ್ತಿ ವಿವರಿಸಬೇಕಾಗುವುದಿಲ್ಲ, ಗಂಡನ ಹೆಸರನ್ನು ಬಾಯಲ್ಲಿ ಹೇಳದ ಅಜ್ಜಿಯರನ್ನು ಎಲ್ಲರೂ ಕಂಡವರೇ ಅಲ್ವಾ.

ಈ ನಿಯಮಗಳ ಭಾರವೆಲ್ಲ ಹೆಣ್ಣಿನ ಮೇಲೇ ಬೀಳುತ್ತಿತ್ತು ಅಂದುಕೊಂಡರೆ ತಪ್ಪು. ಇಲ್ಲಿ ಮನೆ ಬಿಟ್ಟು ಹೋಗುತ್ತಿದ್ದವನು ಗಂಡು. ಅವನು ಹುಡುಗಿಯ ತಂದೆಗೆ ದುಡಿದು ತೋರಿಸಬೇಕಿತ್ತು. ಒಪ್ಪಿಗೆಯಾದರೆ ಅತ್ತೆ-ಮಾವನ ಜೊತೆಗೇ ವಾಸ. ದಿನವೂ ಒಂದೇ ಒಲೆಯ ಮುಂದೆ ಕೂರುವ ಮಾವನ ಜೊತೆ ಸಲೀಸಾಗಿ ಮಾತಾಡುವ ಹಾಗೂ ಇರಲಿಲ್ಲ. ಇದನ್ನೆಲ್ಲ ವಿವರವಾಗಿ ದಾಖಲಿಸಿದ ವ್ಲಾಡಿಮಿರ್ ಯೋಖೆಲ್ಸನ್ ಕೂಡ ಗಡಿಪಾರಾದ ಕ್ರಾಂತಿಕಾರಿಯೇ. 1900ರಿಂದ 1902ರವರೆಗೆ ಅಮೆರಿಕದ ಜೆಸಪ್ ಸಂಶೋಧನಾ ತಂಡಕ್ಕಾಗಿ ಅವರು ಮತ್ತೆ ಈಶಾನ್ಯ ಸೈಬೀರಿಯಾಕ್ಕೆ ಹೋದರು. ಯುಕಾಗಿರ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ತ್ಸಾರ್ ಶಿಕ್ಷೆ ಕೊಟ್ಟು ಅಟ್ಟಿದವರಿಂದ ಬಂದದ್ದು!

ನಿಜವಾದ ಪತ್ರ ಬೇಕೆಂದರೆ ಗಂಡಸರ ತೊಗಟೆ ನೋಡಬೇಕು. ಅದಕ್ಕೆ ಅಂತರ್ಜಾಲದಲ್ಲಿ ಅಷ್ಟು ಅಭಿಮಾನಿಗಳಿಲ್ಲ. ಬೇಟೆಗೆ ಹೋದವರು ನದಿ, ಉಪನದಿ, ಗುಡಾರ ಹಾಕಿದ ಜಾಗ, ಸಿಕ್ಕ ಪ್ರಾಣಿ ಎಲ್ಲವನ್ನೂ ತೊಗಟೆಯ ಮೇಲೆ ಗೀರಿ, ಹಿಂದೆ ಬರುವವರಿಗೆ ಬಿಟ್ಟು ಹೋಗುತ್ತಿದ್ದರು. ಆ ಗುರುತು ತಪ್ಪಿದರೆ ಜೀವಕ್ಕೇ ಸಂಚಕಾರ. ಕಾಡಿನ ಯುಕಾಗಿರ್‌ಗಳ ಬದುಕು ನಿಂತಿದ್ದದ್ದು ಕಡವೆಗಿಂತ ದೊಡ್ಡದಾದ ಎಲ್ಕ್, ಕಾಡು ಹಿಮಸಾರಂಗ ಮತ್ತು ಮೀನಿನ ಮೇಲೆ. ವಲಸೆ ಹೋಗುವ ಹಿಮಸಾರಂಗಗಳು ನದಿ ಈಜುವಾಗ ದೋಣಿಯಿಂದ ಈಟಿಯಲ್ಲಿ ತಿವಿಯುತ್ತಿದ್ದರು. ಹಿಂಡು ಬೇರೆ ದಾರಿ ಹಿಡಿದ ವರ್ಷ ಹಸಿವು ಖಚಿತ. ವಸಂತದ ಹೊತ್ತಿಗೆ ಸಂಗ್ರಹವೆಲ್ಲ ಮುಗಿದಿರುತ್ತಿತ್ತು. ಅದಕ್ಕೇ ಇರಬೇಕು, ಬೇಟೆ ಹೊಡೆದವನಿಗೇ ಸೇರಿದ್ದು ಎಂಬ ಲೆಕ್ಕ ಅಲ್ಲಿರಲಿಲ್ಲ. ಮಾಂಸ ಗುಂಪಿನವರಿಗೆಲ್ಲ ಹಂಚಿಹೋಗುತ್ತಿತ್ತು.

ಒಂದು ಕಾಲದಲ್ಲಿ ಇವರ ನಾಡು ಬಹಳ ವಿಶಾಲವಾಗಿತ್ತು. ಉತ್ತರದ ಆಕಾಶದಲ್ಲಿ ಕುಣಿಯುವ ಬೆಳಕನ್ನು ನೆರೆಯ ಸಖಾ ಜನ ‘ಯುಕಾಗಿರ್ ಬೆಂಕಿ’ ಎನ್ನುತ್ತಿದ್ದರಂತೆ. 1640ರ ದಶಕದಲ್ಲಿ ರಷ್ಯಾದ ಕೊಸಾಕ್ ಪಡೆಗಳು ಕೊಲಿಮಾಕ್ಕೆ ಬಂದವು. ಸೇಬಲ್ ಎಂಬ ಪುಟ್ಟ ಕಾಡುಪ್ರಾಣಿಯ ತುಪ್ಪಳದ ಕಪ್ಪ ಹೇರಿದವು. ಆ ಕಪ್ಪಕ್ಕೆ ‘ಯಸಾಕ್’ ಎಂದು ಹೆಸರು. ಇವತ್ತು ಕಾಡಿನ ಯುಕಾಗಿರ್‌ಗಳ ಮುಖ್ಯ ಊರಾದ ನೆಲೆಮ್ನೊಯೆ ಇರುವ ನದಿ ಯಸಾಚ್ನಾಯಾ. ಕಪ್ಪದ ಹೆಸರೇ ನದಿಗೂ ಅಂಟಿಕೊಂಡಿದೆ. ಕಪ್ಪದ ಹಿಂದೆ ಸಿಡುಬು ಬಂತು, ಊರೂರೇ ಖಾಲಿಯಾದವು.

2010ರ ರಷ್ಯಾ ಜನಗಣತಿಯಲ್ಲಿ ಯುಕಾಗಿರ್ ಎಂದು ಬರೆಸಿದವರು 1,603 ಜನ. ಕಾಡಿನವರನ್ನು ಬಿಟ್ಟರೆ ಇನ್ನೊಂದು ಗುಂಪು ಉತ್ತರದ ಮರವಿಲ್ಲದ ಬಯಲಿನ, ಅಂದರೆ ಟಂಡ್ರಾದ ಯುಕಾಗಿರ್‌ಗಳದ್ದು; ಅವರು ಹೆಚ್ಚಾಗಿ ಆಂದ್ರ್ಯುಷ್ಕಿನೊ ಎಂಬ ಊರಿನಲ್ಲಿದ್ದಾರೆ. ಅವರ ಮಾತು ಕಾಡಿನವರ ಮಾತಿಗಿಂತ ಎಷ್ಟು ಬೇರೆಯೆಂದರೆ ಭಾಷಾಶಾಸ್ತ್ರಜ್ಞರು ಎರಡನ್ನೂ ಬೇರೆ ಬೇರೆ ಭಾಷೆಯೆಂದೇ ಎಣಿಸುತ್ತಾರೆ. ಉಲುರೊ ಅದೊ ಎಂಬ ಹೆಸರಿನಲ್ಲಿ ಕವಿತೆ ಬರೆದ ಗವ್ರಿಲ್ ಕುರಿಲೊವ್ ಈ ಬಯಲಿನ ಕಡೆಯವರು. ನಿಘಂಟು ಮಾಡಿದವರೂ ಅವರೇ. ಮನೆಗಳಲ್ಲಿ ಈಗ ಕೇಳುವುದು ಬಹುಪಾಲು ರಷ್ಯನ್ ಅಥವಾ ಸಖಾ.