ನಾಲ್ಕಿಂಚಿನ ಮಸೂರಕ್ಕೆ ಸಿಕ್ಕ ದೈತ್ಯ ಗ್ರಹಗಳು

2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸೂರ್ಯಬಿಂಬದ ಮೇಲೆ ಕರಿಚುಕ್ಕೆಯಾಗಿ ಸರಿದಾಗ ಅದು ತಡೆದ ಬೆಳಕು ಸಾವಿರದಲ್ಲಿ ಒಂದು ಪಾಲು. ಗುರುವಿನಷ್ಟು ದೊಡ್ಡ ಗ್ರಹ ದೂರದ ನಕ್ಷತ್ರವೊಂದರ ಮುಂದೆ ಹೀಗೆಯೇ ಹಾದರೆ ಚುಕ್ಕೆಯೂ ಕಾಣದು, ಬಿಂಬವೂ ಕಾಣದು. ನಕ್ಷತ್ರದ ಒಟ್ಟು ಬೆಳಕು ನೂರಕ್ಕೆ ಒಂದರಷ್ಟು ಇಳಿದು ಮತ್ತೆ ಏರುತ್ತದೆ. ಹತ್ತಡಿ ಅಗಲದ ದುಂಡು ರಂಗೋಲಿಯ ಮೇಲೆ ಒಂದಡಿಯ ತಟ್ಟೆ ಇಟ್ಟರೆ ಮರೆಯಾಗುವುದೂ ಅಷ್ಟೇ ಪಾಲು.

ಇಂಥ ಇಳಿತವನ್ನು ಅಳೆಯಬಹುದೆಂದು ಖಗೋಳ ವಿಜ್ಞಾನಿ ಆಟೋ ಸ್ಟ್ರೂವ 1952ರಲ್ಲೇ ಬರೆದಿದ್ದರು. ಬಹುಕಾಲ ಯಾರೂ ಹುಡುಕಲು ಹೋಗಲಿಲ್ಲ. ನಮ್ಮ ಗುರುವಿಗೆ ಒಂದು ಸುತ್ತಿಗೆ 12 ವರ್ಷ ಬೇಕು. ದೈತ್ಯ ಗ್ರಹಗಳು ಎಲ್ಲೆಡೆಯೂ ಹಾಗೆ ದೂರದಲ್ಲೇ ಇರಬೇಕೆಂಬುದು ಆಗಿನ ನಂಬಿಕೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ '51 ಪೆಗಾಸಿ' ನಕ್ಷತ್ರದ ರೋಹಿತದಲ್ಲಿನ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿನ) ಓಲಾಟವನ್ನು ಅಳೆದು, 4.2 ದಿನಕ್ಕೇ ಒಂದು ಸುತ್ತು ಮುಗಿಸುವ ಗ್ರಹವನ್ನು ಕಂಡರು. ಲೆಕ್ಕವೇ ಬದಲಾಯಿತು. ಗುರುವಿನ ದೂರದಲ್ಲಿರುವ ಗ್ರಹ ನಮ್ಮ ಕಣ್ಣಿಗೆ ನೇರವಾಗಿ ಅಡ್ಡ ಬರುವ ಸಾಧ್ಯತೆ ಸಾವಿರಕ್ಕೆ ಒಂದು. ಇಷ್ಟು ಹತ್ತಿರದ 'ಬಿಸಿ ಗುರು'ವಿಗೆ ಹತ್ತಕ್ಕೆ ಒಂದು.

1999ರ ಸೆಪ್ಟೆಂಬರ್‌ನಲ್ಲಿ ಡೇವಿಡ್ ಶಾರ್ಬೊನೊ ಮತ್ತು ತಿಮೊಥಿ ಬ್ರೌನ್ ಅಮೆರಿಕದ ಬೋಲ್ಡರ್‌ನಲ್ಲಿ ಕೇವಲ 10 ಸೆಂ.ಮೀ., ಅಂದರೆ ನಾಲ್ಕಿಂಚಿನ ದೂರದರ್ಶಕದಿಂದ 'ಎಚ್‌ಡಿ 209458' ನಕ್ಷತ್ರದ ಬೆಳಕು ಸುಮಾರು 1.7% ಇಳಿದದ್ದನ್ನು ದಾಖಲಿಸಿದರು. ನವೆಂಬರ್‌ನಲ್ಲಿ ಗ್ರೆಗ್ ಹೆನ್ರಿಯವರ ತಂಡವೂ ಬೇರೆಯಾಗಿ ಅದನ್ನೇ ಕಂಡಿತು. ಹಿಪಾರ್ಕಸ್ ಉಪಗ್ರಹದ ಹಳೆಯ ಅಳತೆಗಳನ್ನು ಆಮೇಲೆ ತೆಗೆದು ನೋಡಿದರೆ ಅಲ್ಲೂ ಇದೇ ಇಳಿತವಿತ್ತು! ಗ್ರಹದ ತೂಕ ಗುರುವಿನ 0.7ರಷ್ಟು, ಅಗಲ 1.4ರಷ್ಟು. ಸಾಂದ್ರತೆ ನೀರಿನ ಮೂರನೇ ಒಂದು ಪಾಲು.

ಆ ನಾಲ್ಕಿಂಚು ಅಲ್ಲಿಗೇ ನಿಲ್ಲಲಿಲ್ಲ. ಹ್ಯಾಟ್‌ನೆಟ್ ಮತ್ತು ವಾಸ್ಪ್ ಎಂಬ ಗ್ರಹ ಹುಡುಕುವ ಯೋಜನೆಗಳು ಕ್ಯಾನನ್‌ನ 200 ಮಿ.ಮೀ. ಮಸೂರಗಳಿಂದ ಆಕಾಶವನ್ನು ಜಾಲಾಡಿದವು. ಅವುಗಳ ಬಾಯಿ 11 ಸೆಂ.ಮೀ. 2018ರಲ್ಲಿ ಹಾರಿದ ಟೆಸ್ ಉಪಗ್ರಹದ ನಾಲ್ಕೂ ಕ್ಯಾಮೆರಾಗಳ ಬಾಯಿ 10.5 ಸೆಂ.ಮೀ.

ಇಳಿತ ಕಂಡ ಮಾತ್ರಕ್ಕೆ ಗ್ರಹ ಸಿಕ್ಕಂತಲ್ಲ. ಈ ಕ್ಷೇತ್ರದ ನಿಜವಾದ ದುಡಿಮೆ ಇರುವುದು ಇಲ್ಲೇ. ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರದ ಬೆಳಕು ಪಕ್ಕದ ನಕ್ಷತ್ರದ ಬೆಳಕಿನೊಡನೆ ಬೆರೆತರೆ ಆಳವಾದ ಇಳಿತವೂ 1% ಆಗಿ ತೋರುತ್ತದೆ. ಜೋಡಿ ನಕ್ಷತ್ರವಾದರೆ ಬೆಸ ಸರದಿಯ ಇಳಿತಕ್ಕೂ ಸಮ ಸರದಿಯದಕ್ಕೂ ಆಳದಲ್ಲಿ ವ್ಯತ್ಯಾಸವಿರಬಹುದು. ಬೆಳಕಿನ ಏರಿಳಿತವನ್ನು ಬರೆದ ರೇಖೆಯ ತಳ ಚಪ್ಪಟೆಯಾಗದೆ ಚೂಪಾದರೂ ಅನುಮಾನಿಸಬೇಕು. ಸಣ್ಣ ಕೆಂಪು ಕುಬ್ಜ ನಕ್ಷತ್ರ, ಕಂದು ಕುಬ್ಜ (ನಕ್ಷತ್ರವಾಗಲು ತೂಕ ಸಾಲದ ಕಾಯ), ಗುರು, ಈ ಮೂರರ ಅಗಲ ಹೆಚ್ಚುಕಡಿಮೆ ಒಂದೇ. ಇವನ್ನು ಬೇರ್ಪಡಿಸಲು ತೂಕವೇ ಗತಿ, ತೂಕಕ್ಕೆ ರೋಹಿತದ ಓಲಾಟವೇ ಗತಿ. ಟೆಸ್ ಸುಳಿವು ಕೊಟ್ಟ 'ಟಿಒಐ-1789 ಬಿ' ಗ್ರಹವೆಂದು 2021ರಲ್ಲಿ ಖಚಿತವಾದದ್ದು ಮೌಂಟ್ ಅಬುವಿನ ಗುರುಶಿಖರದಲ್ಲಿ, 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ, ರೋಹಿತ ಅಳೆಯುವ ಪಾರಸ್ ಉಪಕರಣದಿಂದ.

ಮೈಸೂರಿನ ಅಕ್ಷಾಂಶ 12.3 ಡಿಗ್ರಿ, ಎಚ್‌ಡಿ 209458 ಇಲ್ಲಿ ಬಹುತೇಕ ನೆತ್ತಿಯ ಮೇಲೇ ಹಾಯುತ್ತದೆ. ಆದರೆ ಅದು ರಾತ್ರಿಯೆಲ್ಲ ಸಿಗುವ ಆಗಸ್ಟ್, ಸೆಪ್ಟೆಂಬರ್ ನಮಗೆ ಮಳೆಗಾಲ. ಹಾಗಾಗಿ ಇಂಥ ಇಳಿತವನ್ನು ತಾವೇ ಅಳೆಯಬಯಸುವ ಇಲ್ಲಿನವರಿಗೆ ಫೆಬ್ರವರಿ, ಮಾರ್ಚ್‌ನ 'ವಾಸ್ಪ್-43 ಬಿ' ಮೇಲು: ಇಳಿತ 2.5%, ಅವಧಿ ಒಂದೂಕಾಲು ಗಂಟೆಯೊಳಗೆ, 19.5 ಗಂಟೆಗೊಮ್ಮೆ ಮರುಕಳಿಕೆ. ನಕ್ಷತ್ರ ಮಂದವಾದ್ದರಿಂದ (12.4 ಕಾಂತಿಮಾನ) ಎಂಟಿಂಚಿನ ದೂರದರ್ಶಕ ಬೇಕು.

ಫೋಕಸನ್ನು ತುಸು ಸಡಿಲಿಸಿ ಬೆಳಕು ಹಲವು ಪಿಕ್ಸೆಲ್‌ಗಳಿಗೆ ಹರಡುವಂತೆ ಮಾಡಿ. ಪಿಕ್ಸೆಲ್ ತುಂಬುವ ಮಟ್ಟದ ಅರ್ಧದ ಆಸುಪಾಸಿನಲ್ಲಿ ಎಕ್ಸ್‌ಪೋಷರ್ ನಿಲ್ಲಲಿ. ಗ್ರಹ ನಕ್ಷತ್ರಕ್ಕೆ ಅಡ್ಡ ಬರುವ ಒಂದು ಗಂಟೆ ಮೊದಲೇ ಶುರುಮಾಡಿ, ಮುಗಿದ ಮೇಲೂ ಒಂದು ಗಂಟೆ ಮುಂದುವರಿಸಿ. ಎರಡೂ ಬದಿಯ ಸಮತಲ ಸಿಗದೆ ಇಳಿತದ ಆಳ ಹೇಳಲಾಗದು. ಹೋಲಿಕೆಗೆ ಅದೇ ಬಣ್ಣದ ನಕ್ಷತ್ರಗಳನ್ನು ಆರಿಸಿ. ಬಣ್ಣ ಬೇರೆಯಾದರೆ ನಕ್ಷತ್ರ ಬಾನಂಚಿಗೆ ಇಳಿದಂತೆ ರೇಖೆ ತಾನಾಗಿ ಓರೆಯಾಗುತ್ತದೆ. ನಕ್ಷತ್ರ ಆಕಾಶದ ಉತ್ತರ-ದಕ್ಷಿಣ ನಡುಗೆರೆ ದಾಟುವಾಗ ದೂರದರ್ಶಕವನ್ನು ಮಗುಚಿದರೆ ನಕ್ಷತ್ರ ಬೇರೆ ಪಿಕ್ಸೆಲ್‌ಗಳ ಮೇಲೆ ಕೂತು ರೇಖೆಯಲ್ಲಿ ಸುಳ್ಳು ಮೆಟ್ಟಿಲು ಮೂಡುತ್ತದೆ. ಫ್ಲ್ಯಾಟ್ ಫ್ರೇಮ್ (ಸಮನಾಗಿ ಬೆಳಗಿದ ಹಿನ್ನೆಲೆಯ ಚಿತ್ರ) ತೆಗೆಯದಿದ್ದವರಿಗೆ ಇದು ಬಹಳ ಕಾಡುತ್ತದೆ.

ಮಂಡ್ಯದ ನಾಲೆ ಬಯಲಿನ ಗದ್ದೆಗಳ ನಡುವೆ ಇಬ್ಬನಿ ಮಸೂರಕ್ಕೆ ಕೂರುತ್ತದೆ; ಬೆಚ್ಚನೆಯ ಹೀಟರ್ ಪಟ್ಟಿ ಬೇಕು. ಆಲೆಮನೆಯ ಹೊಗೆ ಸಮನಾಗಿ ಹರಡಿದರೆ ಹೋಲಿಕೆಯಲ್ಲಿ ಕಳೆದುಹೋಗುತ್ತದೆ, ತುಂಡುತುಂಡಾಗಿ ಸಾಗಿದರೆ ಆ ರಾತ್ರಿಯ ಕೆಲಸ ಕೆಟ್ಟಂತೆ. ಮೇಲುಕೋಟೆಯಂಥ ಎತ್ತರದ ಜಾಗ ಇವೆರಡಕ್ಕೂ ಮದ್ದು.

ತಿಳಿದ ಗ್ರಹವನ್ನೇ ಮತ್ತೆ ಅಳೆಯುವುದರಿಂದ ನಿಜವಾದ ಪ್ರಯೋಜನವಿದೆ. ಮೂರು ದಿನದ ಸುತ್ತಿನಲ್ಲಿ 1 ಸೆಕೆಂಡ್ ತಪ್ಪಿದ್ದರೆ ವರ್ಷಕ್ಕೆ 2 ನಿಮಿಷ, ಹತ್ತು ವರ್ಷಕ್ಕೆ 20 ನಿಮಿಷ ಕೂಡುತ್ತದೆ. ದೊಡ್ಡ ದೂರದರ್ಶಕದ ದುಬಾರಿ ಸಮಯ ಅಷ್ಟು ವ್ಯರ್ಥ. ಅದಕ್ಕೇ ಕಂಪ್ಯೂಟರಿನ ಗಡಿಯಾರವನ್ನು ಜಿಪಿಎಸ್‌ಗೆ ಹೊಂದಿಸಿಡಿ. ಭೂಮಿ ಸೂರ್ಯನ ಈ ಬದಿಗೋ ಆ ಬದಿಗೋ ಇರುವುದರಿಂದ ಬೆಳಕು 8 ನಿಮಿಷದವರೆಗೆ ಬೇಗ ಇಲ್ಲವೇ ತಡವಾಗಿ ತಲುಪುತ್ತದೆ. ಆ ತಿದ್ದುಪಡಿ ಸೇರಿಸಿದ ಮೇಲೆಯೇ ಸಮಯ ಬರೆದಿಡಿ.