ವಿಮಾನ ಹಾರಬೇಕಾದರೆ ನೆಲ ಓಡಬೇಕು: ಆರ್ಕೇಡ್ ಆಟಗಳು ಮನೆ ಕಂಪ್ಯೂಟರಿಗೆ ಬಂದ ಬಗೆ

ಮೇಲಿಂದ ನೋಡುವ ವಿಮಾನ ಆಟಗಳಲ್ಲಿ ನಮ್ಮ ವಿಮಾನ ನಿಜಕ್ಕೂ ಮುಂದೆ ಹೋಗುವುದಿಲ್ಲ. ಅದು ಪರದೆಯ ಮೇಲೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಕೆಳಗಿನ ಕಡಲು, ದ್ವೀಪಗಳು ಹಿಂದಕ್ಕೆ ಸರಿಯುತ್ತವೆ. 1980ರ ದಶಕದ ಮನೆ ಕಂಪ್ಯೂಟರುಗಳಿಗೆ ಇಂಥ ಆಟ ತಂದವರಿಗೆ ದೊಡ್ಡ ತಲೆನೋವಾದದ್ದು ಈ ನೆಲವೇ.

ಕ್ಯಾಪ್‌ಕಾಮ್‌ನ '1942' ತೆಗೆದುಕೊಳ್ಳೋಣ. ಆರ್ಕೇಡ್‌ಗೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಕ್ಕೆ, ಬಂದದ್ದು 1984ರಲ್ಲಿ. ಬ್ರಿಟನ್ನಿನ ಎಲೈಟ್ ಸಿಸ್ಟಮ್ಸ್ 1986ರಲ್ಲಿ ಅದನ್ನು ಝಡ್‌ಎಕ್ಸ್ ಸ್ಪೆಕ್ಟ್ರಮ್, ಕಮೊಡೋರ್ 64, ಆಮ್‌ಸ್ಟ್ರಾಡ್ ಸಿಪಿಸಿಗೆ ತಂದಿತು. ಆರ್ಕೇಡ್ ಯಂತ್ರದ ಮುಖ್ಯ ಪ್ರೊಸೆಸರ್ 4 ಮೆಗಾಹರ್ಟ್ಸ್‌ನ ಝಡ್80. ಸ್ಪೆಕ್ಟ್ರಮ್‌ನಲ್ಲಿದ್ದದ್ದೂ ಝಡ್80, ವೇಗ 3.5. ಅಂದರೆ ಪ್ರೊಸೆಸರಿನಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ! ಆದರೆ ಆರ್ಕೇಡ್ ಬೋರ್ಡಿನಲ್ಲಿ ನೆಲ ಸರಿಸುವುದಕ್ಕೆ, ವಿಮಾನಗಳನ್ನು ತೋರಿಸುವುದಕ್ಕೆ ಬೇರೆಯೇ ಸರ್ಕ್ಯೂಟ್ ಇತ್ತು. ಸ್ಪೆಕ್ಟ್ರಮ್‌ನಲ್ಲಿ ಎಲ್ಲವನ್ನೂ ಪ್ರೊಸೆಸರೇ ಮಾಡಬೇಕು.

ಎಷ್ಟು ಕೆಲಸ ಅಂತ ಲೆಕ್ಕ ಹಾಕಿ ನೋಡೋಣ. ಸ್ಪೆಕ್ಟ್ರಮ್ ಪರದೆಯ ಚಿತ್ರ 6,144 ಬೈಟ್. ಪರದೆ ಸೆಕೆಂಡಿಗೆ 50 ಸಲ ಬದಲಾಗುತ್ತದೆ, ಒಂದೊಂದು ಸಲದ ಚಿತ್ರವೂ ಒಂದು ಫ್ರೇಮ್. ಒಂದು ಫ್ರೇಮಿಗೆ ಪ್ರೊಸೆಸರಿಗೆ ಸಿಗುವುದು 69,888 ಗಡಿಯಾರ ಮಿಡಿತ. ಬೈಟ್‌ಗಳನ್ನು ಸಾಲಾಗಿ ಸಾಗಿಸಲು ಝಡ್80ಯಲ್ಲಿ ಎಲ್‌ಡಿಐಆರ್ ಎಂಬ ಆದೇಶ ಇದೆ, ಬೈಟ್‌ಗೆ 21 ಮಿಡಿತ. ಗುಣಿಸಿದರೆ 1,29,024. ಬರೀ ನೆಲ ಸರಿಸುವುದಕ್ಕೇ ಹತ್ತಿರ ಹತ್ತಿರ ಎರಡು ಫ್ರೇಮ್ ಬೇಕು.

ಇದಕ್ಕೆ ಒಂದು ಚಂದದ ಉಪಾಯವಿತ್ತು. ಸ್ಟ್ಯಾಕ್ ಅಂದರೆ ಪ್ರೊಸೆಸರ್ ತನ್ನ ತಾತ್ಕಾಲಿಕ ಅಂಕಿಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ. ಅದರ ತುದಿ ತೋರಿಸುವ ಸ್ಟ್ಯಾಕ್ ಪಾಯಿಂಟರನ್ನೇ ಚಿತ್ರದ ಮೇಲೆ ತಂದಿಟ್ಟು, ಪಾಪ್ ಆದೇಶದಿಂದ ಓದಿ ಪುಶ್ ಆದೇಶದಿಂದ ಬರೆಯುವುದು. ಪಾಪ್‌ಗೆ 10 ಮಿಡಿತ, ಪುಶ್‌ಗೆ 11, ಒಂದೊಂದು ಸಲಕ್ಕೂ ಎರಡು ಬೈಟ್. ಅಂದರೆ ಬೈಟ್‌ಗೆ 10.5, ಖರ್ಚು ಅರ್ಧಕ್ಕರ್ಧ ಇಳಿಯಿತು. ಆದರೆ ಈ ಕೆಲಸ ನಡೆಯುವಾಗ ಇಂಟರಪ್ಟ್ (ಪ್ರೊಸೆಸರನ್ನು ನಡುವೆಯೇ ಬೇರೆ ಕೆಲಸಕ್ಕೆ ಕರೆಯುವ ಸೂಚನೆ) ಬಂದ್ ಮಾಡಲೇಬೇಕು. ಇಲ್ಲದಿದ್ದರೆ ಆ ಕೆಲಸ ಮುಗಿಸಿ ಪ್ರೊಸೆಸರ್ ಮರಳಬೇಕಾದ ವಿಳಾಸ ಚಿತ್ರದ ಮಧ್ಯೆ ಹೋಗಿ ಕೂರುತ್ತದೆ.

ಬಣ್ಣದ್ದು ಇನ್ನೊಂದು ಕಥೆ. ಸ್ಪೆಕ್ಟ್ರಮ್‌ನಲ್ಲಿ ಬಣ್ಣ ಚುಕ್ಕೆಗೆ ಒಂದರಂತೆ ಇಲ್ಲ, 8×8 ಚುಕ್ಕೆಯ ಚೌಕಕ್ಕೆ ಎರಡೇ ಬಣ್ಣ. ನೆಲ ಒಂದೊಂದೇ ಚುಕ್ಕೆ ಸರಿಯುವಾಗ ಬಣ್ಣದ ಚೌಕ ಅಲ್ಲೇ ನಿಂತಿರುತ್ತದೆ, ಎಂಟು ಚುಕ್ಕೆ ಆದಮೇಲೆ ಮಾತ್ರ ಹಾರಬಲ್ಲದು. ವಿಮಾನ ದ್ವೀಪದ ಅಂಚಿಗೆ ಬಂದರೆ ಅದರ ರೆಕ್ಕೆಗೂ ದ್ವೀಪದ ಬಣ್ಣ ಮೆತ್ತಿಕೊಳ್ಳುತ್ತದೆ. ಹಾಗಾಗಿ ಸ್ಪೆಕ್ಟ್ರಮ್‌ನ ಎಷ್ಟೋ ವಿಮಾನ ಆಟಗಳಲ್ಲಿ ಆಡುವ ಜಾಗಕ್ಕೆಲ್ಲ ಒಂದೇ ಜೋಡಿ ಬಣ್ಣ. ನನಗಂತೂ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ. ಈ ಆಟದಲ್ಲಿ ಗುಂಡು ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು, ಅಲ್ವಾ?

ಕಮೊಡೋರ್ 64ರ ಪ್ರೊಸೆಸರ್ ಸುಮಾರು 1 ಮೆಗಾಹರ್ಟ್ಸ್ ಅಷ್ಟೇ, ಆದರೂ ಅದು ಇಲ್ಲಿ ಗೆಲ್ಲುತ್ತದೆ. ಅದರ ವಿಐಸಿ-2 ಚಿಪ್ ಚಿತ್ರವನ್ನು 7 ಚುಕ್ಕೆಯವರೆಗೆ ತಾನೇ ಸರಿಸುತ್ತದೆ. ಎಂಟನೆಯದಕ್ಕೆ ಮಾತ್ರ 1,000 ಅಕ್ಷರಗಳನ್ನು (ಚಿತ್ರ ಕಟ್ಟುವ 8×8 ಚುಕ್ಕೆಯ ಚೌಕಗಳನ್ನು) ಸಾಗಿಸಿದರೆ ಸಾಕು. ಎಂಟು ಸ್ಪ್ರೈಟ್‌ಗಳೂ (ನೆಲದ ಮೇಲೆ ಬೇರೆಯಾಗಿ ಓಡಾಡುವ ಚಿಕ್ಕ ಚಿತ್ರಗಳು) ಹಾರ್ಡ್‌ವೇರಿನಲ್ಲೇ ಇವೆ. ಟಿವಿಯ ಗೆರೆ ಕೆಳಗಿಳಿಯುತ್ತಿದ್ದ ಹಾಗೆ ಅವುಗಳ ಜಾಗ ಬದಲಿಸಿ, ಅದೇ ಸ್ಪ್ರೈಟ್‌ಗಳನ್ನು ಇನ್ನೂ ಕೆಳಗೆ ಮತ್ತೆ ತೋರಿಸಬಹುದು.

ಪರದೆಯ ಆಕಾರವನ್ನೂ ಮರೆಯಬೇಡಿ. ಆರ್ಕೇಡ್ '1942'ರ ಪರದೆ ಉದ್ದಕ್ಕೆ ನಿಂತದ್ದು, 224×256. ಮನೆಯ ಟಿವಿ ಅಡ್ಡ. ಪಕ್ಕದಲ್ಲಿ ಅಂಕಗಳ ಪಟ್ಟಿ ಇಟ್ಟು ಆಟದ ಜಾಗ ಕಿರಿದು ಮಾಡಿದರೆ ಆಕಾರವೂ ಹೊಂದುತ್ತದೆ, ಕೆಲಸವೂ ಇಳಿಯುತ್ತದೆ. ಸ್ಪೆಕ್ಟ್ರಮ್‌ನ 32 ಕಾಲಮ್‌ಗಳಲ್ಲಿ 18 ಮಾತ್ರ ಬಳಸಿದೆವು ಅಂತಿಟ್ಟುಕೊಳ್ಳಿ: 3,456 ಬೈಟ್, ಪಾಪ್-ಪುಶ್ ಲೆಕ್ಕದಲ್ಲಿ 36,288 ಮಿಡಿತ. ಉಳಿಯುವುದು 33,600. ಶತ್ರು ವಿಮಾನ, ಗುಂಡು, ಡಿಕ್ಕಿ, ಸದ್ದು ಎಲ್ಲವೂ ಅದರೊಳಗೇ ಮುಗಿಯಬೇಕು. ಮುಗಿಯದಿದ್ದರೆ ಎರಡು ಫ್ರೇಮಿಗೊಮ್ಮೆ ಚಿತ್ರ ಬದಲಿಸಬೇಕಾಗುತ್ತದೆ, ಆಗ ಸೆಕೆಂಡಿಗೆ 25. ಆರ್ಕೇಡ್‌ನಲ್ಲಿ ಅದು ಸುಮಾರು 60 ಇತ್ತು.