ಆಂಕರ್ ಮುಟ್ಟಿದೊಡನೆ ಬಿಡುವುದೋ, ನಿಂತು ಬಿಡುವುದೋ?

ಸಾಂಪ್ರದಾಯಿಕ ಬಿಲ್ಲಿನವರಲ್ಲಿ ಎರಡು ಪಂಗಡಗಳಿವೆ. ಹೆದೆ ಸೆಳೆದ ಕೈ ಪ್ರತಿ ಸಲ ಬಂದು ತಾಗುವ ಮುಖದ ಜಾಗವೇ ಆಂಕರ್. ಕೈ ಅಲ್ಲಿ ಕೆನ್ನೆಗೆ ತಾಗಿದ್ದೇ ತಡ ಬಾಣ ಬಿಡುವವರು ಒಂದು ಕಡೆ. ಆಂಕರ್‌ನಲ್ಲಿ ಎರಡು ಮೂರು ಸೆಕೆಂಡ್ ನಿಂತು, ಗುರಿ ನೆಲೆಗೊಂಡ ಮೇಲೆ ಬಿಡುವವರು ಇನ್ನೊಂದು ಕಡೆ. ತಡ ಮಾಡಿದರೆ ಕೈ ನಡುಗುತ್ತದೆ ಎಂಬುದು ಮೊದಲಿನವರ ವಾದ, ಅವಸರ ಮಾಡಿದರೆ ಬಾಣ ಚೆದುರುತ್ತದೆ ಎಂಬುದು ಎರಡನೆಯವರದು. ಎರಡೂ ನಿಜವೇ. ಆದರೆ ಸೆಕೆಂಡುಗಳನ್ನೇ ಹಿಡಿದು ಜಗಳವಾಡಿದರೆ ಮುಖ್ಯ ಸಂಗತಿ ಕೈತಪ್ಪುತ್ತದೆ. ಬೆರಳು ತೆರೆಯುವ ತೀರ್ಮಾನ ಬಿಲ್ಲುಗಾರನದೋ, ಕೆನ್ನೆಗೆ ತಾಗಿದ ಸ್ಪರ್ಶದ್ದೋ? ನೋಡಬೇಕಾದದ್ದು ಇದನ್ನು.

ಮೊದಲು ಭಾರದ, ಅಂದರೆ ಹೆದೆ ಸೆಳೆದು ಹಿಡಿಯಲು ಬೇಕಾದ ಬಲದ ಲೆಕ್ಕ. ಕಾಂಪೌಂಡ್ ಬಿಲ್ಲಿನಲ್ಲಿ ತುದಿಯ ಚಕ್ರಗಳು ತಿರುಗಿದ ಮೇಲೆ ಭಾರ ಇಳಿಯುತ್ತದೆ. 50 ಪೌಂಡಿನ ಬಿಲ್ಲನ್ನು ಪೂರ್ತಿ ಸೆಳೆದು ನಿಂತಾಗ ಬೆರಳಿಗೆ ಉಳಿಯುವುದು 10ರಿಂದ 15 ಪೌಂಡ್. ಲಾಂಗ್‌ಬೋ, ರಿಕರ್ವ್‌ಗಳಲ್ಲಿ ಚಕ್ರಗಳಿಲ್ಲ, ಈ ರಿಯಾಯಿತಿಯೂ ಇಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲೇ ಭಾರ ಎಲ್ಲಕ್ಕಿಂತ ಹೆಚ್ಚು. ಬಿಲ್ಲಿನ ಮೇಲೆ ‘45 @ 28’ ಎಂದಿದ್ದರೆ 28 ಇಂಚು ಸೆಳೆದಾಗ 45 ಪೌಂಡ್ ಎಂದರ್ಥ. ಆಸುಪಾಸಿನಲ್ಲಿ ಪ್ರತಿ ಇಂಚಿಗೆ 2ರಿಂದ 3 ಪೌಂಡ್ ಏರಿಳಿತವಾಗುತ್ತದೆ. ಗಿಡ್ಡ ಬಿಲ್ಲನ್ನು ಉದ್ದ ತೋಳಿನವರು ಸೆಳೆದರೆ ಕೊನೆಯ ಒಂದೆರಡು ಇಂಚಿನಲ್ಲಿ ಭಾರ ಒಮ್ಮೆಲೇ ಏರುತ್ತದೆ. ಅಂಥವರು ಆಂಕರ್‌ನಲ್ಲಿ ನಿಲ್ಲಲಾರದೆ ಬಿಟ್ಟುಬಿಡುವುದರಲ್ಲಿ ಆಶ್ಚರ್ಯವೇನಿಲ್ಲ.

ಸೆಳೆತದಲ್ಲಿ ಅರ್ಧ ಇಂಚು ಹೆಚ್ಚುಕಡಿಮೆಯಾದರೆ ಏನು ಮಹಾ ಎನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 170 ಅಡಿ ವೇಗದ ಬಾಣ 20 ಮೀಟರ್ ದಾಟಲು 0.4 ಸೆಕೆಂಡಿಗಿಂತ ತುಸು ಕಡಿಮೆ ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ 70 ಸೆಂ.ಮೀ.ಗೂ ಹೆಚ್ಚು ಕೆಳಗಿಳಿದಿರುತ್ತದೆ. ಸೆಳೆತ ಅರ್ಧ ಇಂಚು ಕಡಿಮೆಯಾದರೆ ವೇಗ ಸುಮಾರು ಶೇ. 2ರಷ್ಟು ಕುಗ್ಗುತ್ತದೆ. ಬಾಣ 20 ಮೀಟರಿನಲ್ಲಿ ಸುಮಾರು 3 ಸೆಂ.ಮೀ., 30 ಮೀಟರಿನಲ್ಲಿ ಸುಮಾರು 7 ಸೆಂ.ಮೀ. ಕೆಳಗೆ ಬೀಳುತ್ತದೆ. ಜೊತೆಗೆ ತಳ್ಳುವ ಬಲ ಕಡಿಮೆಯಾದಾಗ ಅದೇ ಬಾಣ ಕಡಿಮೆ ಬಾಗಿ ಹೆಚ್ಚು ಬಿಗಿಯಾಗಿ ವರ್ತಿಸುತ್ತದೆ, ಬಲಗೈಯವರಿಗೆ ಎಡಕ್ಕೆ ಸರಿಯುತ್ತದೆ. ಕೆಳಗೆ ಮತ್ತು ಎಡಕ್ಕೆ ಚೆದುರಿದ ಗುಂಪು ಕಂಡರೆ ಬಾಣದ ಅಳತೆಯನ್ನು ಸಂಶಯಿಸುವ ಮೊದಲು ಸೆಳೆತವನ್ನು ಸಂಶಯಿಸಿ.

ಈ ಅರ್ಧ ಇಂಚು ಕಳೆದುಹೋಗಲು ಎರಡು ದಾರಿಗಳಿವೆ, ಎರಡೂ ಪಂಗಡಗಳಿಗೆ ಒಂದೊಂದು. ಅವಸರದವನು ಆಂಕರ್ ತಲುಪುವ ಮೊದಲೇ ಬಿಡುತ್ತಾನೆ. ನಿಲ್ಲುವವನು ಆಂಕರ್ ತಲುಪುತ್ತಾನೆ, ಗುರಿಯಲ್ಲಿ ಮನಸ್ಸಿಡುತ್ತಾನೆ, ಅಷ್ಟರಲ್ಲಿ ಬೆನ್ನು ಸಡಿಲಾಗಿ ಬಾಣ ಸದ್ದಿಲ್ಲದೆ ಮುಂದಕ್ಕೆ ಜಾರಿರುತ್ತದೆ. ನಿಂತು ಬಿಡುವುದೆಂದರೆ ಅಲ್ಲಾಡದೆ ನಿಲ್ಲುವುದು ಎಂದು ತಿಳಿದವರಲ್ಲಿ ಈ ಜಾರುವಿಕೆ ಹೆಚ್ಚು. ಹೊರಗಿನಿಂದ ನಿಂತಂತೆ ಕಂಡರೂ ಒಳಗೆ ಸೆಳೆತ ನಡೆಯುತ್ತಲೇ ಇರಬೇಕು: ಸೆಳೆಯುವ ಕೈಯ ಮೊಣಕೈ ಹಿಂದಕ್ಕೆ ಸುತ್ತುತ್ತಾ, ಹೆಗಲ ಹಿಂದಿನ ಚಪ್ಪಟೆ ಮೂಳೆ ಬೆನ್ನೆಲುಬಿನ ಕಡೆಗೆ ಸರಿಯುತ್ತಾ ಇರಬೇಕು. ಹಾಗಿದ್ದರೆ ಬೆರಳು ಸಡಿಲಿಸಿದ ಕೂಡಲೇ ಕೈ ತಾನಾಗಿ ಕತ್ತಿನ ಪಕ್ಕದಿಂದ ಹಿಂದಕ್ಕೆ ಹೋಗುತ್ತದೆ. ಕೈ ಇದ್ದಲ್ಲೇ ಸತ್ತಂತೆ ನಿಂತರೆ, ಇಲ್ಲವೇ ಕೆನ್ನೆಯಿಂದ ಹೊರಕ್ಕೆ ಚಿಮ್ಮಿದರೆ, ಬೆನ್ನು ಆಗಲೇ ಕೆಲಸ ನಿಲ್ಲಿಸಿತ್ತು ಎಂದು ತಿಳಿಯಿರಿ.

ಹಾಗಾದರೆ ಎಷ್ಟು ಹೊತ್ತು? ಹೆಚ್ಚಿನವರಿಗೆ 1ರಿಂದ 3 ಸೆಕೆಂಡ್ ಸಾಕು. ನಾಲ್ಕೈದು ದಾಟಿದರೆ ನಡುಕ ಬೆಳೆಯುತ್ತದೆ, ಕಣ್ಣು ಗುರಿಯಿಂದ ಬಾಣದ ಮೊನೆಗೆ ಓಡುತ್ತದೆ, ‘ಈಗಲಾದರೂ ಹೋಗಲಿ’ ಎಂದು ಕೈ ಕಿತ್ತುಕೊಳ್ಳುತ್ತದೆ. ಬರೀ ಮರದ ಬಿಲ್ಲಾದರೆ ಇನ್ನೊಂದು ನಷ್ಟವೂ ಇದೆ. ಪೂರ್ತಿ ಸೆಳೆದು ಹಿಡಿದಷ್ಟೂ ಮರ ತನ್ನ ಚಿಮ್ಮುವ ಬಲವನ್ನು ಸ್ವಲ್ಪ ಕಳೆದುಕೊಳ್ಳುತ್ತದೆ. ನಿಮ್ಮ ಎಣಿಕೆ ಮೀರಿತೆಂದರೆ ಬಾಣ ಬಿಡಬೇಡಿ, ಹೆದೆ ಇಳಿಸಿ. ಮೊನೆ ಗುರಿದಿಮ್ಮಿಯ ಕಡೆಗೇ ಇರಲಿ, ನಿಧಾನವಾಗಿ ಇಳಿಸಿ.

ಇನ್ನು ಬೇಗ ಬಿಡುವ ವಿಷಯ. ಒಂದೇ ಹೆಸರಿನಡಿ ಇಲ್ಲಿ ಮೂರು ಬೇರೆ ಬೇರೆ ಜನ ಸೇರಿಕೊಂಡಿದ್ದಾರೆ. ಒಬ್ಬನು ಆಂಕರ್ ಮುಟ್ಟುತ್ತಾನೆ, ಸೆಳೆತ ನಿಲ್ಲಿಸದೆ ಅರ್ಧ ಸೆಕೆಂಡಿನಲ್ಲಿ ಬಿಡುತ್ತಾನೆ. ಅವನ ಗುರಿಯ ಕೆಲಸ ಬಿಲ್ಲು ಏರುವಾಗಲೇ ಮುಗಿದಿರುತ್ತದೆ. ಇನ್ನೊಬ್ಬನು ಆಂಕರ್ ತಲುಪುವುದೇ ಇಲ್ಲ. ಮೂರನೆಯವನು ತಲುಪುತ್ತಾನೆ, ಆದರೆ ನಿಲ್ಲಬೇಕೆಂದರೂ ನಿಲ್ಲಲಾರ. ಕೆನ್ನೆಗೆ ಬೆರಳು ತಾಗುವುದೇ ಅವನ ಬೆರಳಿಗೆ ಅಪ್ಪಣೆಯಾಗಿಬಿಟ್ಟಿದೆ. ಮೊದಲನೆಯದು ಶೈಲಿ, ಎರಡನೆಯದು ದೋಷ, ಮೂರನೆಯದು ಟಾರ್ಗೆಟ್ ಪ್ಯಾನಿಕ್, ಅಂದರೆ ಗುರಿಯ ಮುಂದೆ ಬಿಡುಗಡೆ ಬಿಲ್ಲುಗಾರನ ಹಿಡಿತ ತಪ್ಪುವ ತೊಂದರೆ. ಮೊದಲನೆಯವನೂ ಮೂರನೆಯವನೂ ದೂರದಿಂದ ನೋಡುವವರಿಗೆ ಒಂದೇ ತರಹ ಕಾಣುವುದರಿಂದಲೇ ಈ ಚರ್ಚೆ ಬಗೆಹರಿಯುವುದಿಲ್ಲ.

ಬೇರ್ಪಡಿಸಲು ಒಂದು ಪರೀಕ್ಷೆ ಸಾಕು. 10 ಮೀಟರಿನಲ್ಲಿ ಗುರಿಹಾಳೆ ಅಂಟಿಸಿ. ಬಾಣ ಹೂಡಿ, ಸೆಳೆದು, ಮಧ್ಯದ ಮೇಲೆ ಗುರಿಯಿಟ್ಟು ಆಂಕರ್‌ನಲ್ಲಿ ಮೂರು ಎಣಿಸಿ; ಬಿಡದೆ ಇಳಿಸಿ. ಹೀಗೆ ಐದು ಸಲ. ಐದೂ ಸಲ ಸಲೀಸಾಗಿ ಇಳಿಸಿದವರು ಬೇಗ ಬಿಡುವುದನ್ನು ತಮ್ಮ ಶೈಲಿ ಎಂದು ಧೈರ್ಯವಾಗಿ ಹೇಳಿಕೊಳ್ಳಬಹುದು. ಬಾಣ ತಾನಾಗಿ ಹಾರಿದರೆ, ಕೈ ಕೆನ್ನೆಯಿಂದ ಎರಡು ಇಂಚು ದೂರದಲ್ಲೇ ಸಿಕ್ಕಿಕೊಂಡರೆ, ಮೊನೆಯನ್ನು ಮಧ್ಯಕ್ಕೆ ತರಲಾಗದೆ ಕೆಳಗೇ ಉಳಿದರೆ, ಹೆಸರು ಏನೇ ಇರಲಿ, ಅದು ಆಯ್ಕೆಯಲ್ಲ. ಜೊತೆಗೆ ಪೂರ್ಣ ಸೆಳೆತದಲ್ಲಿ ಬಾಣದ ಮೇಲೆ ಬಿಲ್ಲಿನ ನೇರಕ್ಕೆ ಒಂದು ಗುರುತು ಹಾಕಿ, ಪಕ್ಕದಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ಚಿತ್ರಿಸಿ. ಗುರುತು ಬಿಲ್ಲಿಗೆ ಬರುವ ಮೊದಲೇ ಬಾಣ ಹೋಯಿತೋ, ಬಂದು ಮತ್ತೆ ಮುಂದೆ ಜಾರಿತೋ ಎಂಬುದು ಆಗ ಸ್ಪಷ್ಟ. ಬಾಣದ ಮೊನೆ ಬಿಲ್ಲಿನ ಹಿಡಿಗೆ ಬಂದು ಸೇರುವುದೇ ಪೂರ್ಣ ಸೆಳೆತ ಎಂದು ಹಳೆಯ ಚೀನೀ ಬಿಲ್ವಿದ್ಯೆಯೂ ಹೇಳುತ್ತದೆ. ನಾವು ಹಾಕುವ ಗುರುತು ಅದೇ ಕೆಲಸ ಮಾಡುತ್ತದೆ.

ಜಪಾನಿನ ಬಿಲ್ವಿದ್ಯೆಯಾದ ಕ್ಯೂದೋದಲ್ಲಿ ಈ ರೋಗಕ್ಕೆ ಹೆಸರೇ ಇದೆ. ಪೂರ್ಣ ಸೆಳೆತದಲ್ಲಿ ನಿಲ್ಲುವ ಘಟ್ಟ ‘ಕಾಯ್’. ಅದು ಕೂಡಿಬರುವ ಮೊದಲೇ ಬಿಡುವುದು ‘ಹಯಾಕೆ’, ಬಿಡಲಾರದೆ ಹಿಡಿದುಕೊಂಡೇ ಇರುವುದು ‘ಮೊತಾರೆ’. ಎರಡನ್ನೂ ದೋಷವೆಂದೇ ಎಣಿಸುತ್ತಾರೆ.

ಗುಣಪಡಿಸುವುದು ಬಿಲ್ಲಿನ ಭಾರದಿಂದ ಶುರುವಾಗಬೇಕು. ಪೂರ್ಣ ಸೆಳೆತದಲ್ಲಿ 8ರಿಂದ 10 ಸೆಕೆಂಡ್ ಹಿಡಿಯಲು ಆಗದ ಬಿಲ್ಲು ಕಲಿಯುವವನಿಗೆ ಭಾರವೇ. 10ರಿಂದ 15 ಪೌಂಡ್ ಕಡಿಮೆ ಇರುವ ಬಿಲ್ಲು ತೆಗೆದುಕೊಳ್ಳಿ. 25–30 ಪೌಂಡಿನದು ಕೈಗೆ ಬಂದರೆ ಅಭಿಮಾನಕ್ಕೆ ಪೆಟ್ಟಾಗುತ್ತದೆ, ಬೆನ್ನಿಗೆ ಅಲ್ಲ. ಗುರಿಹಾಳೆ ತೆಗೆದುಹಾಕಿ, ದೊಡ್ಡ ದಿಮ್ಮಿಯ ಮುಂದೆ 2–3 ಮೀಟರಿನಲ್ಲಿ ನಿಲ್ಲಿ. ಪ್ರತಿ ಸಲ ಆಂಕರ್‌ನಲ್ಲಿ ಮೂರು ಎಣಿಸಿ, ಗಮನವೆಲ್ಲ ಬೆನ್ನಿನ ಚಲನೆಯ ಮೇಲಿರಲಿ. ಮೂರು ಸೆಳೆತಕ್ಕೆ ಒಂದೇ ಬಾಣ ಹೋಗಲಿ. ಯಾವುದು ಹೋಗಬೇಕು ಎಂಬುದನ್ನು ನೀವು ಆಂಕರ್‌ಗೆ ಬಂದ ಮೇಲೆ ಪಕ್ಕದಲ್ಲಿರುವವರು ‘ಬಿಡು’ ಅಥವಾ ‘ಇಳಿಸು’ ಎಂದು ಹೇಳಲಿ. ಈ ಕೊನೆಯ ಅಂಶವನ್ನು ಬಿಟ್ಟುಬಿಡುವವರೇ ಹೆಚ್ಚು. ಏನು ಬರುತ್ತದೆಂದು ಮೊದಲೇ ಗೊತ್ತಿದ್ದರೆ ಸ್ಪರ್ಶಕ್ಕೂ ಬಿಡುಗಡೆಗೂ ಬಿದ್ದ ಗಂಟು ಬಿಚ್ಚುವುದಿಲ್ಲ.

ಕೆಲವು ವಾರ ಹೀಗೆ ನಡೆದ ಮೇಲೆ 5 ಮೀಟರಿನಲ್ಲಿ ಹಾಳೆ ಹಾಕಿ, ನಂತರ 7, 10 ಎಂದು ಹಿಂದೆ ಸರಿಯಿರಿ. ಯಾವ ದೂರದಲ್ಲಿ ಆತುರ ಮರಳಿತೋ ಅಲ್ಲಿಂದ ಒಂದು ಮೆಟ್ಟಿಲು ವಾಪಸ್ ಬನ್ನಿ. ಬಿಲ್ಲಿನ ಭಾರವನ್ನೂ ದೂರವನ್ನೂ ಒಂದೇ ವಾರದಲ್ಲಿ ಏರಿಸಬೇಡಿ.

ಕೆನ್ನೆಯ ಸ್ಪರ್ಶವೇ ಹಳೆಯ ಅಪ್ಪಣೆಯಾದ್ದರಿಂದ ಹೊಸದೊಂದು ಅಪ್ಪಣೆ ಬೇಕು. ಬೆರಳು ಬಾಯಿಯ ಮೂಲೆಗೆ ತಾಗುವುದು ಮೊದಲ ಗುರುತಾಗಿರಲಿ. ಸೆಳೆತ ಮುಂದುವರಿದು ಗರಿ ಮೂಗಿನ ತುದಿಗೆ ತಾಗುವುದು ಎರಡನೆಯದು. ಎರಡನೆಯದು ಬಂದ ಮೇಲೆಯೇ ಬೆರಳು ಸಡಿಲ. ಬಿಲ್ಲಿನ ಬಾಗುವ ಭಾಗಕ್ಕೆ ಅಂಟಿಸಿ ದಾರದಿಂದ ಹೆದೆಗೆ ಕಟ್ಟುವ, ಸೆಳೆತ ಪೂರ್ತಿಯಾದಾಗ ಟಕ್ ಎನ್ನುವ ಕ್ಲಿಕ್ಕರ್ ಕೂಡ ಇದೇ ಕೆಲಸಕ್ಕೆ ಒದಗುತ್ತದೆ. ಸ್ಪರ್ಧೆಯಲ್ಲಿ ಬಳಸುವ ಮೊದಲು ನಿಮ್ಮ ವಿಭಾಗದ ನಿಯಮ ಓದಿಕೊಳ್ಳಿ.

ಬೇಗ ಬಿಡಲೇಬೇಕಾದ ಸಂದರ್ಭಗಳಿವೆ. ಓಡುವ ಕುದುರೆಯ ಮೇಲೆ, ಗಾಳಿಗೆ ಎಸೆದ ಬಿಲ್ಲೆಗೆ ಹೊಡೆಯುವಾಗ ಎರಡು ಸೆಕೆಂಡ್ ನಿಂತರೆ ಗುರಿಯೇ ಇರುವುದಿಲ್ಲ. ಅಲ್ಲಿ ಬಿಲ್ಲು ಗುರಿಯ ಹಾದಿಯಲ್ಲೇ ಏರುತ್ತಾ ಸೆಳೆತವೂ ಜೊತೆಗೇ ಪೂರ್ಣವಾಗಬೇಕು. ನಿಂತ ಗುರಿಗೆ, ಬಾಣದ ಮೊನೆಯ ಅಂತರ ನೋಡಿಯೋ ಹೆದೆಯ ಮೇಲೆ ಬೆರಳು ಕೆಳಗಿಳಿಸಿಯೋ ಗುರಿ ಹಿಡಿಯುವವರು ಮಾತ್ರ ನಿಲ್ಲುವುದನ್ನೇ ಕಲಿಯಬೇಕು, ಏಕೆಂದರೆ ಮೊನೆ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಲು ಆ ಒಂದು ಸೆಕೆಂಡ್ ಬೇಕೇ ಬೇಕು. ವೇಗದ ಶೈಲಿ ರೂಢಿಯಾದವರು ಪ್ರತಿ ಅಭ್ಯಾಸದ ಮೊದಲ ಐದಾರು ಸೆಳೆತಗಳಲ್ಲಿ ಒಂದೆರಡನ್ನಾದರೂ ನಿಂತು, ಬಿಡದೆ ಇಳಿಸಲಿ. ಅದು ಕಷ್ಟವೆನ್ನಿಸಿದ ದಿನ ಹಾಳೆಯನ್ನು 5 ಮೀಟರಿಗೆ ತರುವುದು ಒಳ್ಳೆಯದು.